ಶಾಬಾನ್ 29ರ ಸಂಜೆಗೆ ಮುನ್ನ

ಅಸ್ಸಲಾಮು ಅಲೈಕುಂ. ಗುಂಪಿನ ಎಲ್ಲರ ಗಮನಕ್ಕೆ,

"ರಂಜಾನ್‌ಗೆ ಇನ್ನು ಇಷ್ಟೇ ದಿನ" ಅನ್ನುವ ಚಿತ್ರಗಳು ದಿನಾ ಬರುತ್ತಿವೆ. ಹೆಚ್ಚಿನವು ಸೌದಿಯ ಲೆಕ್ಕ. ನಮ್ಮಲ್ಲಿ ಸಾಮಾನ್ಯವಾಗಿ ಒಂದು ದಿನ ತಡ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ, ಇಲ್ಲಿಯ ಶಾಬಾನ್ (ರಂಜಾನ್‌ಗೆ ಮುಂಚಿನ ತಿಂಗಳು) ತಾರೀಖನ್ನೇ ಎಣಿಸಿ.

ರಂಜಾನ್‌ನ ಹೊಸ ಚಂದ್ರನನ್ನು ನೋಡಲು ಶಾಬಾನ್ 29ರಂದು ಮಗ್ರಿಬ್ (ಸೂರ್ಯಾಸ್ತದ ನಮಾಜ್) ಹೊತ್ತಿಗೆ ಪಶ್ಚಿಮಕ್ಕೆ ಮರೆಯಿಲ್ಲದ ತಾರಸಿ ಮೇಲೆ ನಿಲ್ಲಿ. ಸೂರ್ಯ ಮುಳುಗಿದ ಜಾಗದ ಆಸುಪಾಸಿನಲ್ಲೇ, ಕತ್ತರಿಸಿ ಬಿದ್ದ ಉಗುರಿನ ಚೂರಿನಂಥ ತೆಳು ಗೆರೆ. ಉಬ್ಬಿದ ಬದಿ ಸೂರ್ಯ ಮುಳುಗಿದ ಕಡೆಗೇ ಇರುತ್ತದೆ. ತುದಿಗಳು ಆ ಕಡೆ ತಿರುಗಿದ್ದರೆ ಅದು ಚಂದ್ರನಲ್ಲ, ಮೋಡದ ಅಂಚು ಇಲ್ಲವೇ ವಿಮಾನದ ಹೊಗೆ. ಕಂಡವರು ಮೊದಲು ಮಸೀದಿಗೆ ತಿಳಿಸಿ, ಗುಂಪಿಗೆ ಆಮೇಲೆ. ಯಾರಿಗೂ ಕಾಣದಿದ್ದರೆ ಶಾಬಾನ್ 30 ದಿನ ಪೂರ್ತಿ, ರಂಜಾನ್ ಅದರ ಮರುದಿನದಿಂದ.

ಮಂಗಳೂರು, ಉಡುಪಿ ಕಡೆ ಕೇರಳದ ಚಂದ್ರದರ್ಶನ ಹಿಡಿದು ಒಮ್ಮೊಮ್ಮೆ ಬೆಂಗಳೂರಿಗಿಂತ ಒಂದು ದಿನ ಮೊದಲೇ ಶುರುವಾಗುತ್ತದೆ. ವಾದ ಬೇಡ, ನಿಮ್ಮ ಊರಿನ ಖಾಜಿಯವರ (ಧಾರ್ಮಿಕ ಮುಖ್ಯಸ್ಥರ) ಮಾತು ಕೇಳಿ.

ಚಂದ್ರ ಕಂಡ ರಾತ್ರಿಯೇ ತರಾವೀಹ್ (ರಂಜಾನ್ ರಾತ್ರಿಗಳ ವಿಶೇಷ ನಮಾಜ್), ಅದೇ ಬೆಳಗಿನ ಜಾವ ಮೊದಲ ಸಹರಿ (ಉಪವಾಸಕ್ಕೆ ಮುಂಚಿನ ಊಟ). ಹಲವರು ಎಡವುವುದು ಇಲ್ಲೇ: ಘೋಷಣೆ ತಡವಾಗಿ ಬರುತ್ತದೆ, ಅಲಾರಾಂ ಇಡದೆ ಮಲಗಿಬಿಡುತ್ತಾರೆ. 29ರಂದೇ ಇಟ್ಟುಬಿಡಿ.

ಕಳೆದ ವರ್ಷದ ಖಜಾ (ತಪ್ಪಿಹೋಗಿ ತೀರಿಸಬೇಕಾದ) ಉಪವಾಸ ಬಾಕಿ ಇರುವ ಅಕ್ಕತಂಗಿಯರು ರಂಜಾನ್‌ಗೆ ಉಳಿದ ದಿನಗಳಿಂದ ಮುಟ್ಟಿನ ದಿನ ಕಳೆದು ಇಂದೇ ಲೆಕ್ಕ ಹಾಕಿ.

ದಿನಕ್ಕೆ ನಾಲ್ಕೈದು ಚಹಾ ಕುಡಿಯುವವರು ಎರಡು ದಿನಕ್ಕೊಂದು ಲೋಟ ಇಳಿಸುತ್ತಾ ಬನ್ನಿ. ಮೊದಲ ಉಪವಾಸಗಳ ತಲೆನೋವು ಬಹಳಷ್ಟು ಸಲ ಹಸಿವಿನದಲ್ಲ, ಚಹಾ ತಪ್ಪಿದ್ದರದ್ದು. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಇರುವವರು ಈ ವಾರವೇ ಡಾಕ್ಟರನ್ನು ಕಾಣಿ, ಡೋಸ್ ನೀವೇ ಬದಲಿಸಬೇಡಿ.