ಆಚಾರ್ರಿಗೆ, ಮತ್ತೆ ಉಳಿದವರೆಲ್ಲರಿಗೆ

ರಾಮೋತ್ಸವದ ಕಛೇರಿ ಮುಗಿಯಿತು. ಮೂರು ವೀಣೆ, ಒಂದು ಮೃದಂಗ. ಒಂದು ವರ್ಣ, ಎರಡು ಕೀರ್ತನೆ, ಮಂಗಳ. ಮದುವೆ, ಕೆಲಸ, ಮಕ್ಕಳು, ಹಿರಿಯರ ಆರೈಕೆ ಎಂದು ವೀಣೆಗೆ ಗವಸು ಹಾಕಿ ಮೂಲೆಗಿಟ್ಟಿದ್ದವರು ಈ ವಯಸ್ಸಿನಲ್ಲಿ ಮತ್ತೆ ಪಾಠಕ್ಕೆ ಕೂತು ವೇದಿಕೆ ಹತ್ತಿದ್ದಕ್ಕೆ ಅಷ್ಟು ಸಾಕು. ಹಿಂದಿನ ಮಧ್ಯಾಹ್ನ ಬಿಸಿಲಿಗೆ ನಿಂತ ವ್ಯಾನಿನಲ್ಲಿ ವೀಣೆಗಳು ಕಾದು ಕೆಟ್ಟದ್ದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಮತ್ತೆ ಕೆದಕುವುದಿಲ್ಲ. ಆ ರಾತ್ರಿ ವೀಣೆ ರಿಪೇರಿಯ ಆಚಾರ್ರು ಬಂದ ಮೇಲೆ ಏನಾಯಿತು ಎನ್ನುವುದು ಮಾತ್ರ ಅಲ್ಲಿದ್ದವರಿಗಷ್ಟೇ ಗೊತ್ತು.

ಜಾಗ ಕೊಟ್ಟ ದೇವಸ್ಥಾನದ ಸಮಿತಿಗೆ, ನಮ್ಮ ಕಾಲಪ್ರಮಾಣ (ನುಡಿಸುವ ವೇಗ) ಓಡಿದಾಗಲೆಲ್ಲ ಮುಖ ಗಂಟಿಕ್ಕದೆ ಹಿಡಿದು ನಿಲ್ಲಿಸಿದ ಮೃದಂಗದವರಿಗೆ, ಪಾನಕ ಕೋಸಂಬರಿ ಹಂಚಿದ ಹುಡುಗರಿಗೆ, ಮುಂದಿನ ಸಾಲಿನಲ್ಲಿ ಕೂತು ತಾಳ ಹಾಕಿದ ಅತ್ತೆಯಂದಿರಿಗೆ, ಆ ವಾರ ಅಡುಗೆಮನೆ ನೋಡಿಕೊಂಡ ಗಂಡಂದಿರಿಗೆ ನಮಸ್ಕಾರ.

ಟೀಚರಿಗೆ ಒಂದು ಸಾಲು ಸಾಲದು. ಬಿಟ್ಟುಹೋದವರು ವಾಪಸು ಬಂದಾಗ ಎಲ್ಲರೂ ಕೇಳುವುದು ಒಂದೇ: ವರ್ಣದವರೆಗೆ ಆಗಿತ್ತು, ಅಲ್ಲಿಂದ ಶುರು ಮಾಡೋಣವಾ? ಅವರು ಒಪ್ಪಲಿಲ್ಲ. ಮೊಟ್ಟಮೊದಲ ಪಾಠವಾದ ಸರಳೆಯಿಂದ ಹಿಡಿದರು, ಅದೂ ಮಾಯಾಮಾಳವಗೌಳ ರಾಗದಲ್ಲಿ, ಮೊದಲನೇ ಕಾಲದ ನಿಧಾನ ನಡೆಯಲ್ಲಿ ಮಾತ್ರ. ಅದಕ್ಕೆ ಕಾರಣವಿದೆ. ಸ್ವರದ ಜಾಗ ಎಡಗೈಗೆ ಮರೆತಿರುವುದಿಲ್ಲ, ಒಂದೆರಡು ವಾರದಲ್ಲಿ ಅದು ತಾನಾಗಿ ಓಡತೊಡಗುತ್ತದೆ. ಮರೆಯುವುದು ಬಲಗೈಯ ಕಿರುಬೆರಳು. ತೋರುಬೆರಳು, ಮಧ್ಯದ ಬೆರಳು ಮೀಟುತ್ತ ಹೋದಾಗ ಪಕ್ಕದ ತಾಳದ ತಂತಿಗಳನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕಾದ ಅದು ಸುಮ್ಮನೆ ಗಾಳಿಯಲ್ಲಿ ನಿಂತಿರುತ್ತದೆ. ಎರಡನೆಯದು ಚರ್ಮ. ತಂತಿಯ ಕೆಳಗೆ ಗಟ್ಟಿಯಾಗಿದ್ದ ಬೆರಳ ತುದಿ ಬಿಟ್ಟ ಕೆಲವೇ ತಿಂಗಳಲ್ಲಿ ಮೆತ್ತಗಾಗಿಬಿಡುತ್ತದೆ. ಅಂಥ ಬೆರಳಲ್ಲಿ ಮೊದಲ ವಾರವೇ ತಂತಿ ಎಳೆದು ಗಮಕ (ಸ್ವರದ ತೂಗಾಟ) ತೆಗೆಯಲು ಹೋದರೆ ಬೊಬ್ಬೆ ಎದ್ದು, ಒಡೆದು, ಹದಿನೈದು ದಿನ ವೀಣೆ ಮತ್ತೆ ಗವಸಿಗೆ. ಅದಕ್ಕೇ ದಿನಕ್ಕೆ ಎರಡು ಸಲ, ಕಾಲು ಗಂಟೆ ಕಾಲು ಗಂಟೆ. ಉರಿ ಶುರುವಾದರೆ ನಿಲ್ಲಿಸುವುದು. ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು, ಬೆರಳಿಗೆ ಸವರಿದಷ್ಟೇ. ಮುಂದಿನ ಪಾಠಗಳಾದ ಜಂಟಿ, ಅಲಂಕಾರ, ಗೀತೆ ಎಲ್ಲ ಬರೀ ಸ್ವರದಲ್ಲೇ. ಚರ್ಮ ಕೂತ ಮೇಲೆ ಎಳೆತ. ಕಾಲು ಜೋಮು ಹಿಡಿಯುವವರಿಗೆ ಸೊಂಟದ ಕೆಳಗೆ ನಾಲ್ಕು ಮಡಿಕೆಯ ಜಮಖಾನೆ. ಹತ್ತು ವರ್ಷದ ಮಕ್ಕಳ ಪಕ್ಕದಲ್ಲಿ ನಮ್ಮನ್ನು ಕೂರಿಸಿಕೊಂಡು, ಆ ಮಕ್ಕಳ ಮುಂದೆ ಒಂದು ದಿನವೂ ನಗೆಪಾಟಲಾಗಲು ಬಿಡಲಿಲ್ಲ. ಟೀಚರ್, ನಿಮ್ಮ ಋಣ ದೊಡ್ಡದು.

ಇನ್ನು ಆಚಾರ್ರು.

ವೀಣೆ ಹಿಡಿಯದವರಿಗಾಗಿ ಮೊದಲು ಇಷ್ಟು ಹೇಳಬೇಕು. ವೀಣೆಯ 24 ಮೆಟ್ಟಿಲುಗಳನ್ನು, ಎಂದರೆ ತಂತಿ ಒತ್ತುವ ಲೋಹದ ಪಟ್ಟಿಗಳನ್ನು, ಮರಕ್ಕೆ ಮೊಳೆ ಹೊಡೆದು ಕೂರಿಸಿರುವುದಿಲ್ಲ. ದಂಡಿಯ (ವೀಣೆಯ ಉದ್ದನೆಯ ಕೊರಳಿನ) ಎರಡೂ ಅಂಚಿನ ಉದ್ದಕ್ಕೆ ಕಟ್ಟಿದ ಕಪ್ಪು ಮೇಣದ ಮೇಲೆ ಅವು ನಿಂತಿರುತ್ತವೆ. ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ ಹದ ಮಾಡಿದ ಮೇಣ ಅದು. ಜೇನುಮೇಣ ಕರಗುವುದು 62–64 ಡಿಗ್ರಿಯಲ್ಲಾದರೂ 35ರ ಆಸುಪಾಸಿನಲ್ಲೇ ಮೆತ್ತಗಾಗಿ ಒತ್ತಿದ ಕಡೆ ಬಾಗುತ್ತದೆ. ಏಪ್ರಿಲ್ ಬಿಸಿಲಿಗೆ ನಿಂತ, ಕಿಟಕಿ ಮುಚ್ಚಿದ ವಾಹನ ಅದಕ್ಕಿಂತ ಎಷ್ಟೋ ಬಿಸಿ. ಗವಸು ಬಿಗಿಯಾಗಿದ್ದರೆ ಅದರ ಒತ್ತಡಕ್ಕೇ ಮೆಟ್ಟಿಲು ಓರೆಯಾಗುತ್ತದೆ. ಹೊರಗಿನಿಂದ ನೋಡಿದರೆ ವೀಣೆಗೆ ಏನೂ ಆಗಿಲ್ಲ. ಮೀಟಿದರೆ ಗೊತ್ತಾಗುತ್ತದೆ.

ಆಚಾರ್ರು ಊಟ ಮುಗಿಸಿ ಬಂದರು. ಚೀಲದಲ್ಲಿ ಒಂದು ಸಣ್ಣ ಸ್ಟೌ, ಎರಡು ಕಬ್ಬಿಣದ ಸಲಾಕೆ, ಮೊಂಡು ಚಾಕು, ಅರ, ಒದ್ದೆ ಬಟ್ಟೆ, ಕಾಗದದಲ್ಲಿ ಸುತ್ತಿದ ಮೇಣದ ಉಂಡೆ. ಬಂದವರೇ ಸ್ಟೌ ಹೊತ್ತಿಸಲಿಲ್ಲ. ಮೊದಲು ಶ್ರುತಿ. ನುಡಿಸುವ ತಂತಿ ನಾಲ್ಕು: ಸಾರಣಿ, ಪಂಚಮ, ಮಂದ್ರ, ಅನುಮಂದ್ರ, ಒಂದಕ್ಕಿಂತ ಒಂದು ತಗ್ಗಿನ ಸ್ವರದವು. ಅನುಮಂದ್ರದ ಐದನೇ ಮೆಟ್ಟಿಲು ಮಂದ್ರದ ಬಿಡಿ (ಒತ್ತದ) ತಂತಿಗೆ ಕೂಡಬೇಕು, ಮಂದ್ರದ ಏಳನೆಯದು ಪಂಚಮದ ಬಿಡಿ ತಂತಿಗೆ, ಪಂಚಮದ ಐದನೆಯದು ಸಾರಣಿಗೆ. ಇವಿಷ್ಟು ಕೂಡಿದರೆ ಕೆಳಗಿನ ಮೆಟ್ಟಿಲುಗಳು ನೆಟ್ಟಗಿವೆ ಎಂದರ್ಥ, ಅವನ್ನು ಮುಟ್ಟುವುದು ಬೇಡ. ಎರಡು ವೀಣೆಯಲ್ಲಿ ಕೂಡಿದವು. ಅಲ್ಲಿ ಮೇಲಿನ ನಾಲ್ಕಾರು ಮೆಟ್ಟಿಲಿಗೆ ಸೀಮೆಸುಣ್ಣದ ಗುರುತು ಬಿತ್ತು. ಮೂರನೆಯದರಲ್ಲಿ ಮೇಲಿನ ಸ್ಥಾಯಿ ಪೂರ್ತಿ ಹೋಗಿತ್ತು.

ಹಾಳಾಗುವುದು ಯಾವಾಗಲೂ ಮೇಲಿನ ಸ್ಥಾಯಿಯೇ ಏಕೆ ಎಂದು ನಮಗೆ ಅವತ್ತು ಅರ್ಥವಾಯಿತು. ಮೆಟ್ಟಿಲುಗಳ ನಡುವಿನ ಅಂತರ ತಂತಿ ಕೂರುವ ಕುದುರೆಯ ಕಡೆ ಹೋದಂತೆ ಕಿರಿದಾಗುತ್ತದೆ. ಒಂದನೆಯದಕ್ಕೂ ಎರಡನೆಯದಕ್ಕೂ ಇರುವ ಜಾಗಕ್ಕೆ ಹೋಲಿಸಿದರೆ 23ಕ್ಕೂ 24ಕ್ಕೂ ನಡುವೆ ಇರುವುದು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕೆಳಗೆ ಒಂದು ಕೂದಲೆಳೆ ಸರಿದರೆ ಬೆರಳು ಸಂಭಾಳಿಸಿಬಿಡುತ್ತದೆ. ಮೇಲೆ ಅಷ್ಟೇ ಸರಿದರೆ ಸ್ವರ ಕೆಡುತ್ತದೆ.

ಅವರು ಕೂರಿಸಿದ ಕ್ರಮ ಹೀಗಿತ್ತು. ಮೊದಲು 12, ಸಾರಣಿಯ ಮೇಲಿನ ಷಡ್ಜ. ಆಮೇಲೆ 24. ಆಮೇಲೆ 19, ಪಂಚಮ; 17, ಶುದ್ಧ ಮಧ್ಯಮ. ಈ ನಾಲ್ಕು ನಿಂತ ಮೇಲೆ ನಡುವಿನವು, ಪ್ರತಿಯೊಂದನ್ನೂ ಹನ್ನೆರಡು ಮೆಟ್ಟಿಲು ಕೆಳಗಿರುವ ಅದರ ಜೋಡಿಯ ಜೊತೆ ಒಪ್ಪಿಸಿಕೊಂಡು. ಕಾಯ್ದ ಸಲಾಕೆಯನ್ನು ಮೇಣಕ್ಕೆ ತಾಗಿಸಲಿಲ್ಲ, ಮೆಟ್ಟಿಲಿಗೇ ತಾಗಿಸಿದರು. ಲೋಹ ಬಿಸಿಯಾಗಿ ಬುಡದ ಮೇಣವಷ್ಟೇ ಸಡಿಲವಾಗುತ್ತದೆ. ಆಗ ಹೆಬ್ಬೆರಳಲ್ಲಿ ಒಂದಿಷ್ಟೇ ಇಷ್ಟು ನೂಕಿ, ಒದ್ದೆ ಬಟ್ಟೆ ಒತ್ತಿ ಆರಿಸುವುದು. ಬಿಸಿ ಹೆಚ್ಚಾಯಿತೋ, ಮೆಟ್ಟಿಲು ಮೇಣದಲ್ಲಿ ಇಳಿಯುತ್ತದೆ. ಇಳಿದ ಮೆಟ್ಟಿಲಲ್ಲಿ ತಂತಿ ಒತ್ತಿದರೆ ಅದು ಮುಂದಿನ ಮೆಟ್ಟಿಲಿಗೆ ತಗುಲಿ ಜರ್ ಎನ್ನುತ್ತದೆ. ಆಗ ಅದನ್ನು ಎಬ್ಬಿಸಿ, ಕೆಳಗೆ ಎಳ್ಳಿನಷ್ಟು ಮೇಣ ಕೊಟ್ಟು, ಮತ್ತೆ ಮೊದಲಿನಿಂದ. ಮೆಟ್ಟಿಲು ಸ್ವಲ್ಪ ಓರೆ ಕೂತರೆ ಸಾರಣಿಯಲ್ಲಿ ಸರಿಯಿದ್ದ ಸ್ವರ ಅನುಮಂದ್ರದಲ್ಲಿ ತಪ್ಪುತ್ತದೆ, ಹಾಗಾಗಿ ಒಂದೊಂದನ್ನೂ ನಾಲ್ಕೂ ತಂತಿಯಲ್ಲಿ ಕೇಳಬೇಕು.

ಅಳತೆ ಪಟ್ಟಿ ಇಟ್ಟು ಗುರುತು ಹಾಕಿಬಿಟ್ಟರೆ ಬೇಗ ಆಗುವುದಿಲ್ಲವೇ ಎಂದು ಯಾರೋ ಕೇಳಿದರು. ಆಗುವುದಿಲ್ಲ. ತಂತಿಯ ಸರಿ ಅರ್ಧಕ್ಕೆ ಹನ್ನೆರಡನೆಯದನ್ನು ಇಟ್ಟರೆ, ಒತ್ತಿದಾಗ ತಂತಿ ಬಿಗಿಯಾಗಿ ಷಡ್ಜ ಏರುತ್ತದೆ. ಅದಕ್ಕೆ ತಂತಿಯ ಇನ್ನೊಂದು ತುದಿಯ ಮೇರುವಿನ ಕಡೆಗೆ ಸ್ವಲ್ಪ ಸರಿಸಿ ಕೂರಿಸಬೇಕು. ಎಷ್ಟು ಸರಿಸಬೇಕು ಎನ್ನುವುದು ಮೆಟ್ಟಿಲಿನಿಂದ ತಂತಿ ಎಷ್ಟು ಎತ್ತರದಲ್ಲಿದೆ, ನುಡಿಸುವವರು ಎಷ್ಟು ಒತ್ತುತ್ತಾರೆ ಎನ್ನುವುದರ ಮೇಲೆ ಹೋಗುತ್ತದೆ. ಹಾಗಾಗಿಯೇ ಆ ಹೊತ್ತಿನಲ್ಲಿ ನಮ್ಮನ್ನು ಮಲಗಲು ಬಿಡಲಿಲ್ಲ. ಅವರ ಕೈ ಗಟ್ಟಿ, ನಮ್ಮದು ಹಗುರ. “ನೀವು ಒತ್ತಿ ಅಮ್ಮಾ, ನಾನು ಕೇಳ್ತೀನಿ” ಎಂದು ಒಬ್ಬೊಬ್ಬರನ್ನೇ ಅವರವರ ವೀಣೆಯ ಮುಂದೆ ಕೂರಿಸಿದರು. ಒತ್ತಿದರೆ ಕಣ್ಣು ಮುಚ್ಚಿ ಕೇಳುವುದು, ತಲೆ ಅಲ್ಲಾಡಿಸುವುದು, ಸಲಾಕೆ.

ಹಾಗೆ ಕೇಳುತ್ತ ಹೇಳಿದ್ದು ಇದು. ಮೂರನೇ ವೀಣೆಯ ಧೈವತದ ಹತ್ತಿರ ನಿಲ್ಲಿಸಿದರು. “ಇದು ಇವತ್ತಿನ ಬಿಸಿಲಿಗೆ ಆದದ್ದಲ್ಲ. ಮೊದಲಿಂದ ಹೀಗೇ ಇದೆ. ಈ ಅಪಸ್ವರ ನಿಮ್ಮದಲ್ಲ ಅಮ್ಮಾ, ಮೆಟ್ಟಿಲಿಂದು.” ಒಂದು ಕ್ಷಣ ಬಿಟ್ಟು ನಿಷಾದ ಒತ್ತಿಸಿ, “ಇದು ನಿಮ್ಮದು” ಎಂದರು.

ಆ ವೀಣೆಯವರು ಅಲ್ಲೇ ಅತ್ತುಬಿಟ್ಟರು. ಉಳಿದವರೂ ಅಳದೇ ಇದ್ದದ್ದು ಹೇಗೋ ಗೊತ್ತಿಲ್ಲ. ಇಷ್ಟು ವರ್ಷದ ಮೇಲೆ ವೀಣೆ ಮುಂದೆ ಕೂತ ಯಾರಿಗಾದರೂ ಮೊದಲು ಬರುವ ಯೋಚನೆ ಒಂದೇ: ಕಿವಿ ಹೋಯಿತು, ಕೈ ಹೋಯಿತು, ವಯಸ್ಸಾಯಿತು. ಮನೆಯಲ್ಲಿ ಯಾರೂ ನುಡಿಸಬೇಡ ಎಂದವರಲ್ಲ. ಆ ಗವಸು ಯಾಕೆ ಬಿಚ್ಚಿಲ್ಲ ಎಂದು ಕೇಳಿದವರೂ ಅಲ್ಲ. ಹೊಟ್ಟೆ ಉರಿಯುವುದು ಅದಕ್ಕೆ. ಗವಸಿನೊಳಗೆ ಮೇಣ ಒಣಗಿ ಬಿರುಕು ಬಿಟ್ಟಿತ್ತು, ತಂತಿ ತುಕ್ಕು ಹಿಡಿದಿತ್ತು, ಕುದುರೆಯ ತಗಡಿನಲ್ಲಿ ತಂತಿ ಕೊರೆದ ಗೆರೆ ಹಾಗೇ ಇತ್ತು. ನಾವು ಮಾತ್ರ ಎಲ್ಲ ಅಪಸ್ವರವನ್ನೂ ನಮ್ಮ ಲೆಕ್ಕಕ್ಕೆ ಬರೆದುಕೊಂಡು ಕೂತಿದ್ದೆವು. ಯಾವುದು ವೀಣೆಯ ತಪ್ಪು, ಯಾವುದು ಕೈಯ ತಪ್ಪು ಎಂದು ಬೇರೆ ಮಾಡಿ ತೋರಿಸಲು ಒಬ್ಬರು ಬೇಕಿತ್ತು.

ವೈಣಿಕ ಶೇಷಣ್ಣನವರ (1852–1926) ಹೆಸರು ಹೇಳಿ ಎದೆಯುಬ್ಬಿಸುವ ಊರು ನಮ್ಮದು. ವೈಣಿಕ ದೊರೆಸ್ವಾಮಿ ಅಯ್ಯಂಗಾರರನ್ನು (1920–1997) ಎದುರಿಗೆ ಕೂತು ಕೇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ವೀಣೆಗಳಿಗೆ ಮೇಳ ಕಟ್ಟಿದವರು, ಎಂದರೆ ಹೀಗೆ ಮೆಟ್ಟಿಲು ಕೂರಿಸಿದವರು, ಯಾರು ಎಂದು ಕೇಳಿ ನೋಡಿ, ಸಭೆಯಲ್ಲಿ ಉತ್ತರ ಬರುವುದು ಕಷ್ಟ. ಕಾರ್ಯಕ್ರಮದ ಪತ್ರಿಕೆಯಲ್ಲಿ ಧ್ವನಿವರ್ಧಕದವರ ಹೆಸರು ಇರುತ್ತದೆ, ಇವರದು ಇರುವುದಿಲ್ಲ. ನಮ್ಮದರಲ್ಲೂ ಇರಲಿಲ್ಲ, ಮುಂದಿನ ಸಲ ಇರುತ್ತದೆ.

ಬೆಳಗಿನ ಜಾವ ಮೂರೂ ವೀಣೆಯನ್ನು ಸಾಲಾಗಿ ಮಲಗಿಸಿ, ಆರುವವರೆಗೆ ಯಾರೂ ಮುಟ್ಟಕೂಡದೆಂದು ಕಾವಲು ಕೂತರು. ಕಛೇರಿಯಲ್ಲಿ ಶಾಲು ಹೊದಿಸಿ ಫಲತಾಂಬೂಲ ಕೊಟ್ಟೆವು. ಅದು ಮರ್ಯಾದೆಗೆ. ಕೂಲಿ ಬೇರೆ, ರಾತ್ರಿ ಕೆಲಸದ ಕೂಲಿ ಇನ್ನೂ ಬೇರೆ. ಚೌಕಾಸಿ ಮಾಡುವವರು ಒಂದು ಮೆಟ್ಟಿಲನ್ನು ತಾವೇ ಕೂರಿಸಿ ನೋಡಿ ಆಮೇಲೆ ಮಾತಾಡಲಿ.

ಮಳೆ ಹಿಡಿಯುವ ಮುಂಚೆ ಆಚಾರ್ರು ಇನ್ನೊಮ್ಮೆ ಬರುತ್ತಾರೆ. ನಾಲ್ಕೈದು ವೀಣೆ ಒಟ್ಟಾದರೆ ಅವರಿಗೂ ಅನುಕೂಲ, ಬೇಕಾದವರು ಟೀಚರ್ ಮನೆಗೆ ತಿಳಿಸಿ. ತರುವ ಮುಂಚೆ ದೂಳು ಒರೆಸಿ, ಎಣ್ಣೆ ಮಾತ್ರ ಮೇಣದ ಹತ್ತಿರ ಸುಳಿಯದಿರಲಿ. ತಂತಿ ಬಿಗಿಯುವ ಬಿರಡೆ ಜಾರುತ್ತಿದ್ದರೆ ಸೀಮೆಸುಣ್ಣದ ಪುಡಿ ಸವರಿ ನೋಡಿ, ಅಷ್ಟಕ್ಕೆ ನಿಂತರೆ ಅವರ ಸಮಯ ಉಳಿಯುತ್ತದೆ. ಹೊಸ ತಂತಿ ಒಂದೊಂದು ಸುರುಳಿ ಹೆಚ್ಚಿಗೆ ಇರಲಿ. ಅನುಮಾನ ಇರುವ ಮೆಟ್ಟಿಲುಗಳ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಟೋದಲ್ಲಿ ತರುವುದಾದರೆ ಬೆಳಿಗ್ಗೆ ಹತ್ತರೊಳಗೆ, ಬಿಸಿಲೇರುವ ಮುಂಚೆ. ಮಗನ ಕೈಲೋ ಡ್ರೈವರ್ ಕೈಲೋ ವೀಣೆ ಕಳಿಸಿ ಸಂಜೆ ತರಿಸಿಕೊಳ್ಳುವ ಯೋಚನೆ ಬೇಡ. ನುಡಿಸುವವರೇ ಬರಬೇಕು, ಒತ್ತುವ ಕೈ ಇಲ್ಲದೆ ಅವರು ಸ್ಟೌ ಹೊತ್ತಿಸುವುದಿಲ್ಲ.