ಅಜ್ಜಿಯನ್ನು ತಿದ್ದಬೇಡ

ಪ್ರೀತಿಯ ಮಗು,

ನಿನ್ನ ಲೇಖನವೂ ಪತ್ರವೂ ಒಟ್ಟಿಗೇ ಬಂದವು. 'ಇಷ್ಟು ಜನ ಹಿರಿಯರನ್ನು ಮಾತಾಡಿಸಿದೆ, ಮುಪ್ಪಿನ ಬಗ್ಗೆ ಎಲ್ಲರೂ ಒಂದೇ ಥರ ಹೇಳ್ತಾರೆ, ನನಗೆ ಬರೆಯೋಕೇ ಬರಲ್ಲ ಅನ್ಸುತ್ತೆ' ಅಂದಿದ್ದೀಯ. ಓದಿ ಬೇಜಾರಾಯಿತು. ಯಾವ ರೆಕಾರ್ಡರ್ ಒಳ್ಳೆಯದು, ಎಷ್ಟು ಪ್ರಶ್ನೆ ಬರೆದುಕೊಂಡು ಹೋಗಬೇಕು ಅಂತಲೂ ಕೇಳಿದ್ದೀಯ. ಅದನ್ನೆಲ್ಲ ನಿನ್ನ ವಯಸ್ಸಿನವರೇ ಚೆನ್ನಾಗಿ ಹೇಳುತ್ತಾರೆ. ನನಗೆ ನಿನ್ನ ಹತ್ತಿರ ಜಗಳ ಇರುವುದು ಬೇರೆ ವಿಷಯಕ್ಕೆ.

ಐದನೇ ಪುಟದ ಅಜ್ಜಿಯನ್ನೇ ತಗೋ. ಸಂಧ್ಯಾ ಸುರಕ್ಷಾ ಪಿಂಚಣಿಯ 1200 ರೂಪಾಯಿ ಕೊಡಲು ಅಂಚೆಯಣ್ಣ ಬಂದಿದ್ದಾನೆ. ಮೆಷಿನ್ ಅವರ ಹೆಬ್ಬೆಟ್ಟನ್ನು ಹಿಡಿಯುತ್ತಿಲ್ಲ. ಅಡಿಕೆ ಸುಲಿದೂ ಸುಲಿದೂ ಬೆರಳಿನ ಗೆರೆ ಸವೆದಿವೆ, ಚೊಗರು ಕಪ್ಪಾಗಿ ಕೂತಿದೆ. ಅಜ್ಜಿ ಬೆರಳನ್ನು ಸೆರಗಿಗೆ ಉಜ್ಜಿ, ಹಾ ಅಂತ ಬಾಯಿಯ ಆವಿ ತಾಗಿಸಿ, ಮತ್ತೆ ಒತ್ತುತ್ತಾರೆ. ಆಗಲಿಲ್ಲ. ಎಡಗೈಯದು ಒತ್ತುತ್ತಾರೆ. ದುಡ್ಡು ಕೈಗೆ ಬಂದ ಮೇಲೆ 200 ರೂಪಾಯಿ ತೆಗೆದು, ನಸ್ಯಕ್ಕೆ ಅಂತ, ಮಗನ ಕಣ್ಣು ತಪ್ಪಿಸಿ ಅಕ್ಕಿ ಡಬ್ಬಿಯೊಳಗೆ ಸೇರಿಸುತ್ತಾರೆ. ಓದುತ್ತಾ ಓದುತ್ತಾ ಎದ್ದು ಕೂತೆ. ಇಷ್ಟು ಚೆನ್ನಾಗಿ ನೋಡಿದವಳು ಮುಂದಿನ ಸಾಲಿನಲ್ಲಿ ಏನು ಬರೆದೆ? 'ಆ ಸವೆದ ಬೆರಳು ಒಂದು ಯುಗದ ನೋವನ್ನು ಹೇಳುತ್ತಿತ್ತು.' ಅಲ್ಲ ಮಾರಾಯ್ತಿ, ಬೆರಳು ಹಾಗೇನೂ ಹೇಳಲಿಲ್ಲ. ಅಜ್ಜಿಯೂ ಹೇಳಲಿಲ್ಲ. ಹೇಳಿದ್ದು ನೀನು. ಆ ಸಾಲನ್ನು ಹೊಡೆದು ಹಾಕು.

ಇನ್ನೂ ಸಿಟ್ಟು ಬಂದದ್ದು ಬಸ್ಸಿನ ವಿಷಯಕ್ಕೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಿಂಗಳಿಗೊಮ್ಮೆ ತಂಗಿ ಮನೆಗೆ ಹೋಗಿ ಬರ್ತೀನಿ ಅಂದಿದ್ದಾರೆ ಅಜ್ಜಿ. ನಿಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಅದರಲ್ಲಿ ಫ್ರೀ ಇಲ್ಲ. ಅದಕ್ಕೇ ಮೇನ್ ರೋಡಿನ ತನಕ ನಡೆದು ಹೋಗಿ ಸರ್ಕಾರಿ ಬಸ್ಸಿಗೆ ಕಾಯುತ್ತಾರೆ. 'ಮಗನ ಹತ್ರ ಕೈ ಚಾಚೋದು ತಪ್ಪಿತು' ಅಂದಿದ್ದಾರೆ. ಗಂಡನಿಗೆ 60 ದಾಟಿದವರಿಗೆ ಸಿಗುವ ಕಾಲುಭಾಗ ರಿಯಾಯಿತಿ ಅಷ್ಟೇ, ಅದಕ್ಕೆ ಅವರದೊಂದು ಮುನಿಸು. ಇಷ್ಟಕ್ಕೆಲ್ಲ ನೀನು ಕೊಟ್ಟ ಜಾಗ ಒಂದು ಪ್ಯಾರಾ. ಒಂಟಿತನಕ್ಕೆ ಎರಡು ಪುಟ! ಒಂಟಿತನ ಅನ್ನುವ ಮಾತನ್ನು ಅಜ್ಜಿ ಒಮ್ಮೆಯೂ ಆಡಿಲ್ಲ. ವಯಸ್ಸಾದ ಮೇಲೆ ತನಗೆ ಯಾವುದು ಕಷ್ಟ, ಯಾವುದು ಸುಖ ಅಂತ ಅವರು ಹೇಳಿದ್ದು ಆ ಬಸ್ಸಿನ ಮಾತಿನಲ್ಲೇ. ನೀನು ಕೇಳಿಸಿಕೊಂಡೂ ಬಿಟ್ಟೆ.

ನಮ್ಮ ಪತ್ರಿಕೆಗಳಲ್ಲಿ ಮುದುಕರಿಗೆ ಸಿಗುವುದು ಎರಡೇ ಪಾತ್ರ. ಒಂದೋ ಕಣ್ಣೀರು ಹಾಕಬೇಕು, ಇಲ್ಲ ಉಪದೇಶ ಮಾಡಬೇಕು. ನಾನು ನಿನ್ನ ಹಾಗೇ ಓಡಾಡುತ್ತಿದ್ದ ಕಾಲದಲ್ಲಿ ವೃದ್ಧಾಶ್ರಮದಲ್ಲಿದ್ದ ಒಬ್ಬರನ್ನು ಮಾತಾಡಿಸಿದ್ದೆ. 'ಸಾಯೋ ಭಯ ಇಲ್ಲ, ಇಲ್ಲಿ ಸಾರಿಗೆ ಒಗ್ಗರಣೆ ಹಾಕಲ್ಲ, ಅದೇ ಸಂಕಟ' ಅಂದಿದ್ದರು. ಪಕ್ಕದ ಕೋಣೆಯ ಹೆಂಗಸಿನ ಮೇಲೆ ತಮಗೆ ಮನಸ್ಸಾಗಿದೆ ಅಂತಲೂ ಹೇಳಿ, ಬರಿ ಪರವಾಗಿಲ್ಲ ಅಂದಿದ್ದರು. ವಾರಪತ್ರಿಕೆಯ ಸಂಪಾದಕರು ಎರಡನ್ನೂ ಕತ್ತರಿಸಿದರು. 'ಮಕ್ಕಳ ದಾರಿ ಕಾಯುವ ಕಣ್ಣುಗಳು' ಅಂತ ತಲೆಬರಹ ಕೊಟ್ಟರು. ಆ ಮನುಷ್ಯನ ಮಕ್ಕಳು ಪ್ರತಿ ಭಾನುವಾರ ತಪ್ಪದೆ ಬರುತ್ತಿದ್ದರು! ಲೇಖನ ಓದಿದ ಮೇಲೆ ಅವರು ನನ್ನ ಹತ್ತಿರ ಮಾತು ಬಿಟ್ಟರು. ಆ ಸಂಪಾದಕರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಅದೇ ಕತ್ತರಿಯನ್ನು ನೀನೇ ಕೈಗೆ ತಗೊಂಡರೆ ನನಗೆ ಹೇಗಾಗಬೇಡ?

ಎಲ್ಲರೂ ಒಂದೇ ಥರ ಹೇಳ್ತಾರೆ ಅಂದೆಯಲ್ಲ. 'ಕಾಲ ಕೆಟ್ಟೋಯ್ತು, ದೇವರು ಬೇಗ ಕರ್ಕೊಂಡ್ರೆ ಸಾಕು.' ಅದು ಬಂದವರಿಗೆ ಬೆಲ್ಲ ನೀರು ಕೊಟ್ಟ ಹಾಗೆ, ಮಾತು ಶುರುವಾಗುವುದು ಆಮೇಲೆ. ನೀನು ಹೋದಾಗ ಮಗ ಪಕ್ಕದಲ್ಲೇ ಕೂತು 'ಅಮ್ಮನಿಗೆ ಇಲ್ಲಿ ಏನೂ ಕಮ್ಮಿ ಇಲ್ಲ' ಅಂತ ಉತ್ತರ ಕೊಟ್ಟಿದ್ದಾನೆ. ಅವನೆದುರು ಅವರು ಇನ್ನೇನು ಹೇಳಬೇಕಿತ್ತು? ಅಡಿಕೆ ಸುಲಿಯುವಾಗ ಹೋಗು. ನೀನೂ ಒಂದು ಮೆಟ್ಟುಗತ್ತಿ ಹಾಕಿಕೊಂಡು ಕೂರು. ವಯಸ್ಸೆಷ್ಟು ಅಂತ ಕೇಳಬೇಡ, ಆಧಾರ್‌ನಲ್ಲಿ ಎಷ್ಟೋ ಹಿರಿಯರು ಜನವರಿ 1ಕ್ಕೇ ಹುಟ್ಟಿದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತಲ್ಲ, ಆಗ ಶಾಲೆಗೆ ಹೋಗ್ತಿದ್ರಾ, ಮದುವೆ ಆಗಿತ್ತಾ ಅಂತ ಕೇಳು. ಅಲ್ಲಿಂದ ಅವರೇ ಕರೆದುಕೊಂಡು ಹೋಗುತ್ತಾರೆ.

ಹೇಳಿದ್ದನ್ನೇ ಹೇಳಿದರೆ ರೆಕಾರ್ಡರ್ ಆಫ್ ಮಾಡಬೇಡ. ಹಿರಿಯರು ಹಳೆಯದನ್ನು ಮತ್ತೆ ಮತ್ತೆ ತೆಗೆಯುವುದು ಬುದ್ಧಿ ಮಂಕಾಗಿದ್ದಕ್ಕೆ ಅಂತ ಒಂದು ಕಾಲದಲ್ಲಿ ವೈದ್ಯರೂ ನಂಬಿದ್ದರು. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಹಾಗಲ್ಲ ಅಂದರು. ಬದುಕಿನ ಲೆಕ್ಕವನ್ನು ಮನಸ್ಸು ತಾನೇ ಕೂತು ನೋಡುವ ಕೆಲಸ ಅದು ಅಂದರು. ಅದೇ ಕತೆಯನ್ನು ಇನ್ನೊಮ್ಮೆ ಕೇಳು. ಹಿಂದಿನ ಸಲ ಬಿಟ್ಟ ಒಬ್ಬ ಅಣ್ಣನೋ ಒಂದು ಗದ್ದೆಯೋ ಈ ಸಲ ಬಂದಿರುತ್ತದೆ.

ನನಗೂ ಎಪ್ಪತ್ತು ದಾಟಿದೆ. ನನ್ನನ್ನೂ ಸಂದರ್ಶನ ಮಾಡಲು ಹುಡುಗರು ಬರುತ್ತಾರೆ. 'ಯುವಜನರಿಗೆ ನಿಮ್ಮ ಸಂದೇಶ ಏನು?' ಅಂತ ಕೇಳುತ್ತಾರೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಬೆಳಗಿನ ತನಕ ಏನು ಮಾಡ್ತೀರಿ ಅಂತ ಒಬ್ಬರೂ ಕೇಳಿಲ್ಲ. ಕೇಳಿದರೆ ನಿಜ ಹೇಳುತ್ತಿದ್ದೆ.

ಆ ಅಜ್ಜಿಯ ಜೊತೆ ಒಮ್ಮೆ ತಂಗಿ ಮನೆಗೆ ಹೋಗಿ ಬಾ. ಮೇನ್ ರೋಡಿಗೆ ಎಷ್ಟು ಹೊತ್ತು ನಡೀತಾರೆ, ಎಲ್ಲಿ ಕೂತು ಸುಧಾರಿಸಿಕೊಳ್ತಾರೆ, ಅಕ್ಕತಂಗಿ ಏನು ಮಾತಾಡ್ತಾರೆ, ಎಲ್ಲ ಬರೆದು ನನಗೆ ಕಳಿಸು. ಅಕ್ಕಿ ಡಬ್ಬಿಯ ದುಡ್ಡಿನ ವಿಷಯ ಮಾತ್ರ ಅಚ್ಚಿಗೆ ಕೊಡುವ ಮುಂಚೆ ಅವರಿಗೆ ಓದಿ ಹೇಳು, ಮಗ ಸೊಸೆ ಮನೆಯಲ್ಲಿಲ್ಲದಾಗ. ಬೇಡ ಅಂದರೆ ಮರುಮಾತಾಡದೆ ತೆಗೆದುಬಿಡು. ಹೆಸರು, ಊರು ಹಾಕಲೇಬೇಡ, ಆ ಮನೆಯಲ್ಲೇ ಅವರು ಇನ್ನೂ ಬಾಳಬೇಕು.

ನಿನ್ನ ಕಾಗದಕ್ಕೆ ಕಾಯುತ್ತಿರುತ್ತೇನೆ.