ಆಟವಲ್ಲ ಕಣೋ, ಸುಂಕದಕಟ್ಟೆ

ಗೆಳೆಯಾ,

ವಿಂಡೋಸ್, ಎಕ್ಸೆಲ್ ಮಾರಿಕೊಂಡು ಹಾಯಾಗಿದ್ದ ಮೈಕ್ರೋಸಾಫ್ಟ್‌ಗೆ ಗೇಮ್ ಕಂಪನಿ ಯಾಕೆ ಬೇಕಿತ್ತು ಅಂತ ಕೇಳಿದ್ದೆಯಲ್ಲ. 2022ರ ಜನವರಿಯಲ್ಲಿ ಆಕ್ಟಿವಿಷನ್ ಬ್ಲಿಝಾರ್ಡ್‌ಗೆ ಅದು ಕಟ್ಟಿದ ಬೆಲೆ 68.7 ಬಿಲಿಯನ್ ಡಾಲರ್. ಆಗಿನ ಲೆಕ್ಕದಲ್ಲಿ ಐದು ಲಕ್ಷ ಕೋಟಿ ರೂಪಾಯಿಗೂ ಮೇಲೆ. ಅದರ 'ಕಾಲ್ ಆಫ್ ಡ್ಯೂಟಿ' ಎಂಬ ಗುಂಡು ಹಾರಿಸುವ ಆಟಕ್ಕಾಗಿ ಅಷ್ಟು ಸುರಿದರು ಅನ್ನುವುದು ಅರ್ಧ ಉತ್ತರ. ಇನ್ನರ್ಧ ನಿನ್ನ ಜೇಬಿನ ಫೋನಿನಲ್ಲಿದೆ.

ಫೋನಿನ ಗೇಮ್ ಒಳಗೆ ನೀನು ನೂರು ರೂಪಾಯಿ ಖರ್ಚು ಮಾಡಿದರೆ ಆಗ ಸಾಮಾನ್ಯವಾಗಿ ಮೂವತ್ತು ರೂಪಾಯಿ ಆ್ಯಪ್ ಅಂಗಡಿ ನಡೆಸುವ ಆಪಲ್ಲಿಗೋ ಗೂಗಲ್ಲಿಗೋ ಹೋಗುತ್ತಿತ್ತು. ಸಣ್ಣ ಕಂಪನಿಗಳ ಆಟವಾದರೆ ಹದಿನೈದು. ಆಟ ಯಾರದೇ ಇರಲಿ, ಸುಂಕ ತಪ್ಪುತ್ತಿರಲಿಲ್ಲ. 2020ರ ಆಗಸ್ಟಿನಲ್ಲಿ ಎಪಿಕ್ ಕಂಪನಿ 'ಫೋರ್ಟ್‌ನೈಟ್' ಎಂಬ ತನ್ನ ಆಟದೊಳಗೆ ತನ್ನದೇ ಪಾವತಿ ದಾರಿ ಇಟ್ಟಿತು; ಅದೇ ದಿನ ಎರಡೂ ಅಂಗಡಿಗಳು ಆ ಆಟವನ್ನು ಹೊರಹಾಕಿದವು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಆಗುವುದಿಷ್ಟೇ. ವಿಂಡೋಸ್ ಫೋನ್ ಮುಳುಗಿದ ಮೇಲೆ ಮೈಕ್ರೋಸಾಫ್ಟ್‌ಗೆ ಫೋನಿನಲ್ಲಿ ಸ್ವಂತ ಕಟ್ಟೆ ಇರಲಿಲ್ಲ. ಆಕ್ಟಿವಿಷನ್ ಜೊತೆ 'ಕ್ಯಾಂಡಿ ಕ್ರಷ್' ಮಾಡುವ ಕಿಂಗ್ ಕೂಡ ಬಂತು. ಈ ಬಲದ ಮೇಲೆ ಫೋನಿಗೂ ತನ್ನದೇ ಅಂಗಡಿ ಕಟ್ಟುವ ಇರಾದೆಯನ್ನು ಅದು ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರಕ್ಕೆ ಬರೆದುಕೊಟ್ಟಿತ್ತು.

ಟಿವಿಗೆ ಜೋಡಿಸಿ ಆಡುವ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಡಬ್ಬಿ ಮಾರಿ ಲಾಭವಿಲ್ಲವೆಂದು ಅವರದೇ ಅಧಿಕಾರಿ 2021ರಲ್ಲಿ ಕೋರ್ಟಿನಲ್ಲಿ ಹೇಳಿದ್ದಾರೆ. ಡಬ್ಬಿ ನೆಪ, ದುಡ್ಡು ಬರುವುದು ಆಟದ ಮಾರಾಟದ ಪಾಲಿನಿಂದ, ತಿಂಗಳ ಚಂದಾದಿಂದ.

ಇನ್ನು ಕ್ಲೌಡ್, ಅಂದರೆ ಆಟ ದೂರದ ಸರ್ವರಿನಲ್ಲಿ ಓಡಿ ಅದರ ಚಿತ್ರ ಮಾತ್ರ ನಿನ್ನ ಪರದೆಗೆ ಬರುವುದು. ಇಲ್ಲೇ ಬಹಳ ಜನ ಎಡವುವುದು. ಸಿನಿಮಾವನ್ನು ಒಮ್ಮೆ ಎನ್‌ಕೋಡ್ ಮಾಡಿ, ಅಂದರೆ ಹಿಂಡಿ ಚಿಕ್ಕದು ಮಾಡಿಟ್ಟರೆ ಲಕ್ಷ ಜನರಿಗೆ ಅದೇ ಪ್ರತಿ ಹಂಚಬಹುದು. ಆಟದಲ್ಲಿ ನೀನು ಒತ್ತುವ ಗುಂಡಿಯ ಮೇಲೆ ಮುಂದಿನ ಚಿತ್ರ ನಿಂತಿದೆ, ಮೊದಲೇ ಮಾಡಿಡಲು ಬರುವುದಿಲ್ಲ. ಗುಂಡಿಯ ಸಂಕೇತ ಸರ್ವರಿಗೆ ಹೋಗಬೇಕು, ಅಲ್ಲಿ ಚಿತ್ರ ಬರೆದು, ವಿಡಿಯೋ ಆಗಿ ಹಿಂಡಿ ಕಳಿಸಬೇಕು, ನಿನ್ನ ಫೋನು ಅದನ್ನು ಬಿಡಿಸಿ ತೋರಿಸಬೇಕು. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಅಂದರೆ ಒಂದಕ್ಕೆ 16.7 ಮಿಲಿಸೆಕೆಂಡ್. ಸಾವಿರ ಕಿಲೋಮೀಟರ್ ದೂರದ ಸರ್ವರಿಗೆ ಫೈಬರ್‌ನಲ್ಲಿ ಬೆಳಕು ಹೋಗಿ ಬರಲಿಕ್ಕೇ 10 ಮಿಲಿಸೆಕೆಂಡ್ ಬೇಕು, ದಾರಿಯ ರೂಟರ್‌ಗಳ ತಡ ಬೇರೆ. ಹಾಗಾಗಿ ಸರ್ವರ್‌ಗಳು ಆಟಗಾರನ ಹತ್ತಿರವೇ ಇರಬೇಕು, ಆಡುವಷ್ಟು ಹೊತ್ತು ಚಿತ್ರ ಬರೆಯುವ ಗ್ರಾಫಿಕ್ಸ್ ಚಿಪ್ ಅಥವಾ ಅದರ ಒಂದು ಪಾಲು ಅವನಿಗೇ ಮೀಸಲಿರಬೇಕು. ಊರೂರಿಗೆ ಡೇಟಾ ಸೆಂಟರ್ ಇರುವವರಿಗೆ ಮಾತ್ರ ಇದು ಗಿಟ್ಟೀತು.

ಬರೀ ಸರ್ವರ್ ಇದ್ದರೂ ಸಾಲದು, ಗೂಗಲ್ ಅದನ್ನು ದುಬಾರಿಯಾಗಿ ಕಲಿಯಿತು. 2019ರ ನವೆಂಬರಿನಲ್ಲಿ ಅದು ತೆರೆದ ಸ್ಟೇಡಿಯಾ ಎಂಬ ಕ್ಲೌಡ್ ಗೇಮ್ ಸೇವೆಯ ತಂತ್ರಜ್ಞಾನ ನಿಜಕ್ಕೂ ಚೆನ್ನಾಗಿತ್ತು. ಆದರೆ ಹೆಚ್ಚಿನ ಆಟಗಳನ್ನು ಪೂರ್ತಿ ಬೆಲೆ ಕೊಟ್ಟು ಕೊಳ್ಳಬೇಕಿತ್ತು, ಅಲ್ಲಿಗೇ ಬಂದು ಆಡಬೇಕೆನಿಸುವ ಸ್ವಂತ ದೊಡ್ಡ ಆಟ ಇರಲಿಲ್ಲ. ದೊಡ್ಡ ಆಟ ತಯಾರಾಗಲು ನಾಲ್ಕೈದು ವರ್ಷ ಬೇಕು. ಗೂಗಲ್ ತನ್ನ ಸ್ಟುಡಿಯೋಗಳನ್ನು 2021ರಲ್ಲೇ ಮುಚ್ಚಿತು. 2023ರ ಜನವರಿಯಲ್ಲಿ ಸ್ಟೇಡಿಯಾವೇ ಮುಚ್ಚಿ, ಜನ ಕೊಂಡ ಆಟಗಳ ದುಡ್ಡು ವಾಪಸ್ ಕೊಟ್ಟಿತು. ಮೈಕ್ರೋಸಾಫ್ಟ್ ಸ್ಟುಡಿಯೋಗಳನ್ನೇ ಇಡಿಯಾಗಿ ಕೊಳ್ಳುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ? ಆಟ, ಸರ್ವರ್ ಎರಡೂ ಒಬ್ಬರ ಕೈಗೇ ಸೇರಿಬಿಡುತ್ತವೆ ಅಂತಲೇ ಬ್ರಿಟನ್ ಹೆದರಿದ್ದು. ಆಕ್ಟಿವಿಷನ್ ಆಟಗಳ ಕ್ಲೌಡ್ ಹಕ್ಕನ್ನು ಯೂಬಿಸಾಫ್ಟ್ ಎಂಬ ಇನ್ನೊಂದು ಗೇಮ್ ಕಂಪನಿಗೆ ಬಿಟ್ಟುಕೊಟ್ಟ ಮೇಲಷ್ಟೇ 2023ರ ಅಕ್ಟೋಬರಿನಲ್ಲಿ ವ್ಯವಹಾರ ಮುಗಿಯಿತು.

ಗ್ರಾಫಿಕ್ಸ್ ಚಿಪ್ ಮಾಡುವ ಎನ್‌ವಿಡಿಯಾ ಕಥೆ ಇನ್ನೊಂದು ಪತ್ರಕ್ಕಾಗುವಷ್ಟಿದೆ. ಆಟದ ಹುಡುಗರು ಕೊಂಡ ಕಾರ್ಡುಗಳ ದುಡ್ಡಲ್ಲೇ ಆ ಚಿಪ್‌ಗಳು ಬೆಳೆದವು. 2012ರಲ್ಲಿ ಚಿತ್ರ ಗುರುತಿಸುವ ಸ್ಪರ್ಧೆ ಗೆದ್ದ ಅಲೆಕ್ಸ್‌ನೆಟ್ ಎಂಬ ಎಐ ತರಬೇತಾದದ್ದು ಎನ್‌ವಿಡಿಯಾದ ಎರಡು ಜಿಟಿಎಕ್ಸ್ 580 ಕಾರ್ಡಿನ ಮೇಲೆ. ಅವು ಗೇಮ್ ಆಡಲೆಂದೇ ಮಾರಿದ ಕಾರ್ಡುಗಳು.

ಕ್ಲೌಡ್ ಗೇಮಿಂಗ್ ನೋಡೋಣ ಅನ್ನಿಸಿದರೆ ಮೊಬೈಲ್ ಡೇಟಾ ನೆಚ್ಚಬೇಡ. 10 ಎಂಬಿಪಿಎಸ್ ವಿಡಿಯೋ ಗಂಟೆಗೆ 4.5 ಜಿಬಿ ನುಂಗುತ್ತದೆ. ನಿನ್ನ ದಿನಕ್ಕೆ 1.5 ಜಿಬಿ ಪ್ಯಾಕ್ 20 ನಿಮಿಷದಲ್ಲಿ ಖಾಲಿ. ಮನೆಯ ಫೈಬರ್‌ಗೆ ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕು. ಸ್ಪೀಡ್ ಎಷ್ಟಿದೆ ಅನ್ನುವುದಕ್ಕಿಂತ ಪಿಂಗ್ (ಸಂಕೇತ ಹೋಗಿ ಬರುವ ಹೊತ್ತು) ಎಷ್ಟು ಏರಿಳಿಯುತ್ತದೆ ಅಂತ ನೋಡು, ಆಟ ತಡವರಿಸುವುದು ಅಲ್ಲಿಂದ.

ಇಂತಿ ನಿನ್ನ ಗೆಳೆಯ